ಸರಾಸರಿ ಗ್ರಾಫ್‌ಗೆ ಎರರ್ ಬಾರ್: ನೀವು ಯಾವುದು ಹಾಕಿದಿರಿ, ಏನಾಯ್ತು?

ಕಾಳಿ ದಂಡೆ
ಎಂಎಸ್ಸಿ ಪ್ರಾಜೆಕ್ಟ್, ಕಾರವಾರ. ಕಾಳಿ ಅಳಿವೆಯ ಚಿಪ್ಪಿಕಲ್ಲು ಅಳೆದಿದ್ದೇನೆ. ಸದಾಶಿವಗಡ ಕಡೆ, ಕೋಡಿಬಾಗ ಕಡೆ, ಇನ್ನೊಂದು ಸ್ವಲ್ಪ ಮೇಲೆ. ಒಂದೊಂದು ಕಡೆ 30, ಮಳೆಗಾಲಕ್ಕೆ ಮೊದಲು ಒಮ್ಮೆ, ಆಮೇಲೆ ಒಮ್ಮೆ. ಸರಾಸರಿ ಉದ್ದದ ಬಾರ್ ಗ್ರಾಫ್ ಆಗಿದೆ. ಗೈಡ್ ನೋಡಿ "ಎರರ್ ಬಾರ್ ಎಲ್ಲಿ?" ಅಂದರು, ಅಷ್ಟೇ. ಬಾರ್ ತುದಿಯಲ್ಲಿ ಏರುಪೇರು ತೋರಿಸುವ ಕಡ್ಡಿ ಅದು. ಎಸ್‌ಡಿ (ಅಳತೆಗಳ ಹರಡು) ಹಾಕಲೋ, ಎಸ್‌ಇ (ಸ್ಟ್ಯಾಂಡರ್ಡ್ ಎರರ್, ಸರಾಸರಿಯ ಅನಿಶ್ಚಿತತೆ) ಹಾಕಲೋ, 95% ಸಿಐ (ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ) ಹಾಕಲೋ? ಎಕ್ಸೆಲ್ ಸಾಕಾ, ಬೇರೆ ಕಲಿಯಬೇಕಾ? 9 ದಿನ ಇದೆ. ನಿಮ್ಮ ಅನುಭವ ಹೇಳಿ.

ಶಿರಸಿಯ ಹಳೇ ವಿದ್ಯಾರ್ಥಿ
ನನ್ನದು ಅಡಿಕೆ ಕೊಳೆರೋಗ. 5 ಟ್ರೀಟ್‌ಮೆಂಟ್, 4 ರೆಪ್ಲಿಕೇಶನ್ (ಪುನರಾವರ್ತನೆ). ಎಕ್ಸೆಲ್‌ನಲ್ಲಿ ಸರಾಸರಿಯ ಗ್ರಾಫ್ ಮಾಡಿ, ಮೇಲೆ ಪ್ಲಸ್ ಗುರುತು ಒತ್ತಿ, ಪಟ್ಟಿಯಲ್ಲಿದ್ದ "ಸ್ಟ್ಯಾಂಡರ್ಡ್ ಎರರ್" ಆರಿಸಿದೆ. ಚಂದ ಬಂತು. ಐದೂ ಬಾರ್‌ಗೆ ಒಂದೇ ಉದ್ದದ ಕಡ್ಡಿ. ಅದೇ ಅನುಮಾನ ಹುಟ್ಟಿಸಬೇಕಿತ್ತು, ಹುಟ್ಟಲಿಲ್ಲ. ವೈವಾದಲ್ಲಿ ಪರೀಕ್ಷಕರು ಕೇಳಿದರು, "ಏನೂ ಹೊಡೆಯದ ಮರಗಳಲ್ಲೂ ಬೋರ್ಡೋ ಮದ್ದು ಹೊಡೆದ ಮರಗಳಲ್ಲೂ ಏರುಪೇರು ಇಷ್ಟು ಕರಾರುವಾಕ್ಕಾಗಿ ಒಂದೇ ಹೇಗೆ?" ಬಾಯಿ ಕಟ್ಟಿತು.

ಆ ಗುಂಡಿ ಗ್ರಾಫ್‌ನಲ್ಲಿರುವ ಐದು ಸರಾಸರಿಗಳನ್ನೇ ಡೇಟಾ ಅಂದುಕೊಂಡು ಲೆಕ್ಕ ಹಾಕುತ್ತದೆ. ಹಿಂದಿನ ಶೀಟಿನಲ್ಲಿರುವ ಮರಗಳ ಅಂಕಿ ಅದಕ್ಕೆ ಕಾಣುವುದೇ ಇಲ್ಲ. ನಾವೇ ಪ್ರತಿ ಗುಂಪಿನ ಎಸ್‌ಡಿ ತೆಗೆದು, n ನ (ಗುಂಪಿನಲ್ಲಿರುವ ಅಳತೆಗಳ ಸಂಖ್ಯೆ) ವರ್ಗಮೂಲದಿಂದ ಭಾಗಿಸಿ, ಆ ಕಾಲಂ ಅನ್ನು "ಕಸ್ಟಮ್" ಒಳಗೆ ಕೊಡಬೇಕು. ಪ್ಲಸ್‌ಗೂ ಕೊಡಬೇಕು, ಮೈನಸ್‌ಗೂ ಕೊಡಬೇಕು.

ಪ್ರಬಂಧ ಮತ್ತೆ ಮುದ್ರಿಸಿದ ದಂಡ ಕೇಳಿ. 5 ಪ್ರತಿ, ಒಂದೊಂದರಲ್ಲಿ 11 ಬಣ್ಣದ ಪುಟ, ಪುಟಕ್ಕೆ 10 ರೂಪಾಯಿ, ಅಲ್ಲಿಗೆ 550. ಬೈಂಡಿಂಗ್ ಬಿಚ್ಚಿ ಮತ್ತೆ ಹಾಕಲು 280 ರಂತೆ 1,400. ಕೊರಿಯರ್ 180. ಒಟ್ಟು 2,130. ರೂಮಿನ ಒಂದು ತಿಂಗಳ ಬಾಡಿಗೆ ಬೇರೆ. ಬೈಂಡಿಂಗಿನವ ಹಳೇ ರಟ್ಟು ವಾಪಸ್ ಕೊಡಲೂ ಇಲ್ಲ.

ಅಂಕೋಲೆಯವ
ಎಕ್ಸೆಲ್ ಬಿಡಿ ಮಾರಾಯ್ರೆ. ಆರ್ ಅನ್ನುವ ಸಾಫ್ಟ್‌ವೇರ್ ಕಲಿಯಿರಿ, ದುಡ್ಡು ಕೊಡಬೇಕಿಲ್ಲ. ನಾನು ಗಜನಿ ಗದ್ದೆಯ ಕಗ್ಗ ಭತ್ತದ ಎತ್ತರ ಅಳೆದವ. ಉಪ್ಪುನೀರು ಹತ್ತುವ ಗದ್ದೆ ಒಂದು ಗುಂಪು, ಹತ್ತದ್ದು ಇನ್ನೊಂದು. ಅದರ ಚಿತ್ರ ಬಿಡಿಸುವ ಪ್ಯಾಕೇಜ್ ಜಿಜಿಪ್ಲಾಟ್‌ನಲ್ಲಿ ಸ್ಟ್ಯಾಟ್ ಸಮ್ಮರಿ ಅಂತ ಒಂದು ಸಾಲು ಬರೆದರೆ ಸರಾಸರಿ, ಎಸ್‌ಇ ಎರಡೂ ತಾನೇ ತೆಗೆದು ಬರೆಯುತ್ತದೆ.

ಕಷ್ಟ ಬರಲಿಲ್ಲ ಅಂತಲ್ಲ. ಮೊದಲ ವಾರ ಕಡ್ಡಿಗಳೆಲ್ಲ ಜೋಡಿ ಬಾರ್‌ಗಳ ನಡುಮಧ್ಯೆ ನಿಂತಿದ್ದವು. ಬಾರ್‌ಗೂ ಕಡ್ಡಿಗೂ ಎರಡಕ್ಕೂ ಡಾಡ್ಜ್ (ಪಕ್ಕಕ್ಕೆ ಸರಿಸುವ ಅಳತೆ) 0.9 ಕೊಡಬೇಕು ಅಂತ ಗೊತ್ತಾಗಲು ನಾಲ್ಕು ರಾತ್ರಿ ಹೋಯಿತು. ಅದರಲ್ಲಿ ಎರಡು ರಾತ್ರಿ ಕರೆಂಟೇ ಇರಲಿಲ್ಲ.

ಎರಡನೆಯದು ದೊಡ್ಡ ಹೊಡೆತ. ಬಾರ್ ಬಿಟ್ಟು ಚುಕ್ಕಿ ಹಾಕಿದೆ. ಚಿತ್ರ ಬಿಗಿಯಾಗಿ ಕಾಣಲಿ ಅಂತ ವೈಲಿಮ್ (ಲಂಬ ಅಕ್ಷದ ಮಿತಿ) 100 ರಿಂದ 150 ಅಂತ ಕೊಟ್ಟೆ. ಅದು ಚಿತ್ರ ಕತ್ತರಿಸುವುದಿಲ್ಲ, ಡೇಟಾ ಕತ್ತರಿಸುತ್ತದೆ! 150 ಸೆಂಟಿಮೀಟರ್ ದಾಟಿದ ಗಿಡಗಳನ್ನೆಲ್ಲ ಎಸೆದು, ಉಳಿದದ್ದರ ಸರಾಸರಿ ತೆಗೆದಿತ್ತು. 138 ಇದ್ದದ್ದು 131 ಆಗಿ ಕೂತಿತ್ತು. ಇಷ್ಟು ಸಾಲು ತೆಗೆದಿದ್ದೇನೆ ಅಂತ ಕೆಂಪಕ್ಷರದಲ್ಲಿ ಹೇಳಿತ್ತು. ನಾನು ಕೆಂಪು ಓದುವವನಲ್ಲ. ಚಿತ್ರ ಮಾತ್ರ ಹತ್ತಿರ ಮಾಡಬೇಕಾದರೆ ಕೋಆರ್ಡ್ ಕಾರ್ಟೀಶಿಯನ್ ಒಳಗೆ ಮಿತಿ ಕೊಡಬೇಕು. ಮೂರು ವಾರ ತಪ್ಪು ಸರಾಸರಿ ಹಿಡಿದು ಚರ್ಚೆಯ ಅಧ್ಯಾಯ ಬರೆದಿದ್ದೆ.

ಕುಮಟೆ ಅಕ್ಕೋರು
ಹೌದಪ್ಪ, ಮೂರು ವಾರ ತಪ್ಪು ಮಾಡಿದವರು ಬೇರೆಯವರಿಗೆ "ಬಿಡಿ" ಅನ್ನುವುದು ಚಂದ. ನಾನು ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಬಳಸಿದವಳು. ಮಕ್ಕಳ ಗಣಿತ ಕಲಿಕೆ, ಒಂದೇ 38 ಮಕ್ಕಳಿಗೆ ಮೊದಲೊಂದು ಪರೀಕ್ಷೆ, ಆಮೇಲೊಂದು ಪರೀಕ್ಷೆ. ಚಾರ್ಟ್ ಬಿಲ್ಡರ್‌ನಲ್ಲಿ ಸ್ಟ್ಯಾಂಡರ್ಡ್ ಎರರ್ ಆರಿಸಿ, ಚಿತ್ರದ ಕೆಳಗೆ "ಪ್ಲಸ್ ಮೈನಸ್ 1 ಎಸ್‌ಇ" ಅಂತ ಬರೆದೆ. ಕೋಷ್ಟಕದಲ್ಲಿ ಎಸ್‌ಇ 0.82. ಚಿತ್ರದಲ್ಲಿ ಸ್ಕೇಲ್ ಇಟ್ಟು ನೋಡಿದರೆ ಕಡ್ಡಿ 1.64! ಪಕ್ಕದಲ್ಲೇ ಮಲ್ಟಿಪ್ಲೈಯರ್ ಅಂತ ಪುಟ್ಟ ಚೌಕ ಇದೆ. ಅದರಲ್ಲಿ ಮೊದಲೇ 2 ಅಂತ ಇರುತ್ತದೆ. ನಾನು ನೋಡಿರಲಿಲ್ಲ.

ಲೇಖನ ಕಳಿಸಿದಾಗ ಇನ್ನೊಂದು ಪೆಟ್ಟು. ಓದಿದವರು "ಎರಡೂ ಕಡ್ಡಿ ಒಂದರ ಮೇಲೊಂದು ಬಿದ್ದಿವೆ, ಹಾಗಾಗಿ ವ್ಯತ್ಯಾಸವಿಲ್ಲ" ಅಂತ ಬರೆದು ವಾಪಸ್ ಕಳಿಸಿದರು. ಅವೇ ಮಕ್ಕಳು ಸ್ವಾಮಿ! 20 ಇದ್ದವನು 24, 35 ಇದ್ದವಳು 38. ಮಕ್ಕಳ ನಡುವಿನ ಅಂತರ ದೊಡ್ಡದು, ಹಾಗಾಗಿ ಕಡ್ಡಿಯೂ ಉದ್ದ. ಆದರೆ ಹೆಚ್ಚುಕಡಿಮೆ ಎಲ್ಲರೂ ಏರಿದ್ದಾರೆ. ಅದನ್ನು ಆ ಕಡ್ಡಿ ಹೇಳುವುದೇ ಇಲ್ಲ. ಕೊನೆಗೆ ಪ್ರತಿ ಮಗುವಿನ ಏರಿಕೆ ತೆಗೆದು, ಏರಿಕೆಯ ಸರಾಸರಿಗೆ 95% ಸಿಐ ಹಾಕಿದೆ. ಎಂಟು ತಿಂಗಳು ಹೋಯಿತು.

ಪೈಥಾನ್ ಮಾಣಿ
ಪೈಥಾನ್‌ನ ಚಿತ್ರ ಬಿಡಿಸುವ ಲೈಬ್ರರಿ ಸೀಬಾರ್ನ್‌ನಲ್ಲಿ ಏನೂ ಹೇಳದೆ ಬಾರ್‌ಪ್ಲಾಟ್ ಬರೆದರೆ ಬರುವುದು 95% ಸಿಐ. ಅದೂ ಬೂಟ್‌ಸ್ಟ್ರಾಪ್‌ನದ್ದು, ಅಂದರೆ ಇದ್ದ ಡೇಟಾದಿಂದಲೇ ಮತ್ತೆ ಮತ್ತೆ ಯಾದೃಚ್ಛಿಕವಾಗಿ ಆರಿಸಿ ತೆಗೆದದ್ದು. ಸೀಡ್ (ಆ ಆಯ್ಕೆಯನ್ನು ಸ್ಥಿರಗೊಳಿಸುವ ಸಂಖ್ಯೆ) ಕೊಡದಿದ್ದರೆ ಎರಡು ಸಲ ಓಡಿಸಿದಾಗ ಕಡ್ಡಿ ಕೂದಲೆಳೆಯಷ್ಟು ಬದಲಾಗುತ್ತದೆ. ನಮ್ಮ ಸರ್ ಎರಡೂ ಪ್ರಿಂಟ್ ಬೆಳಕಿಗೆ ಹಿಡಿದು ನೋಡಿ "ಡೇಟಾ ತಿದ್ದಿದ್ದೀಯಾ?" ಅಂದರು. ಇವತ್ತಿಗೂ ನಂಬಿಲ್ಲ.

ಧಾರವಾಡದಿಂದ
ಶಿರಸಿಯವರಿಗೆ ಒಂದು ಮಾತು. ಆರ್‌ಬಿಡಿ (ಬ್ಲಾಕ್‌ಗಳಾಗಿ ಹಂಚುವ ಪ್ರಯೋಗ ವಿನ್ಯಾಸ) ಮಾಡಿದವರು ಗುಂಪಿಗೊಂದು ಎಸ್‌ಇ ಹಾಕುವುದೇ ತಪ್ಪು. ಅನೋವಾದಲ್ಲಿ (ಗುಂಪುಗಳ ಸರಾಸರಿ ಹೋಲಿಸುವ ಪರೀಕ್ಷೆ) ಎರರ್ ಒಟ್ಟುಗೂಡಿಸಿದ ಮೇಲೆ ಎಸ್‌ಇಎಂ (ಸರಾಸರಿಯ ಎಸ್‌ಇ) ಎಲ್ಲಕ್ಕೂ ಒಂದೇ. ಕಡ್ಡಿ ಒಂದೇ ಉದ್ದ ಇರುವುದೇ ಸರಿ! ನಿಮ್ಮ 5 ಟ್ರೀಟ್‌ಮೆಂಟ್, 4 ರೆಪ್ಲಿಕೇಶನ್‌ಗೆ ಎರರ್ ಡಿಎಫ್ (ಸ್ವಾತಂತ್ರ್ಯ ಮಟ್ಟ) 12, ಟಿ ಕೋಷ್ಟಕದ ಬೆಲೆ 2.179. ಸಿಡಿ (ಎರಡು ಸರಾಸರಿಗಳ ಅಂತರ ಇದನ್ನು ದಾಟಿದರೆ ಮಾತ್ರ ವ್ಯತ್ಯಾಸ ಅನ್ನುವ ಮಿತಿ) ಅಂದರೆ ಎಸ್‌ಇಎಂನ ಸುಮಾರು 3.08 ಪಟ್ಟು. ಗ್ರಾಫಿನ ಮೂಲೆಯಲ್ಲಿ ಸಿಡಿಯ ಒಂದು ಕಡ್ಡಿ ನಿಲ್ಲಿಸಿದ್ದರೆ ಮುಗಿಯುತ್ತಿತ್ತು.

ಶಿರಸಿಯ ಹಳೇ ವಿದ್ಯಾರ್ಥಿ
ಒಂದೇ ಉದ್ದ ಇದ್ದದ್ದು ಅನೋವಾದಿಂದ ಅಲ್ಲ, ಗುಂಡಿಯಿಂದ. ಓದಿ ಬರೆಯಿರಿ. ಏನೂ ಹೊಡೆಯದ ಮರಗಳಲ್ಲಿ ಎಸ್‌ಡಿ 11, ಬೋರ್ಡೋ ಹೊಡೆದವುಗಳಲ್ಲಿ 3. ಇದನ್ನು ಒಟ್ಟುಗೂಡಿಸಿ ಒಂದೇ ಎಸ್‌ಇಎಂ ಅಂದರೆ ನ್ಯಾಯವಾ?

ಧಾರವಾಡದಿಂದ
ಹಾಗಿದ್ದರೆ ಅಂಕಿಗಳನ್ನು ಟ್ರಾನ್ಸ್‌ಫಾರ್ಮ್ (ಸೂತ್ರ ಹಾಕಿ ರೂಪಾಂತರ) ಮಾಡಬೇಕಿತ್ತು. ಶೇಕಡಾ ಅಂಕಿಗೆ ಆರ್ಕ್‌ಸೈನ್ ಯಾರೂ ಹೇಳಿಕೊಡಲಿಲ್ವಾ?

ಸೋಂದೆ ತೋಟ
ನಡುವೆ ಬಾಯಿ ಹಾಕುತ್ತೇನೆ. ಬೋರ್ಡೋ ಹೊಡೆದದ್ದು ಯಾವಾಗ? ಮೊದಲ ಮದ್ದು ಮಳೆ ಹಿಡಿಯುವ ಮೊದಲೇ ಆಗಬೇಕು. ನಿಮ್ಮಂಥ ಒಬ್ಬರು ನಮ್ಮ ತೋಟಕ್ಕೆ ಬಂದು, ಜೋರು ಮಳೆ ಶುರುವಾದ ಮೇಲೆ ಮರ ಎಣಿಸಿ ಟ್ಯಾಗ್ ಕಟ್ಟಿದರು. ಕೊನೆಗೌಡ ಮರ ಹತ್ತಲು ಒಪ್ಪಲಿಲ್ಲ. "ಏನೂ ಹೊಡೆಯಬೇಡಿ" ಅಂತ ಬಿಡಿಸಿದ 20 ಮರದ ಅಡಿಕೆ ಕೊನೆ (ಗೊನೆ) ಪೂರ್ತಿ ಉದುರಿತು. ನಿಮ್ಮ ಕಂಟ್ರೋಲ್ ಅಂದರೆ ನಮ್ಮ ಅಡಿಕೆ.

ಶಿರಸಿಯ ಹಳೇ ವಿದ್ಯಾರ್ಥಿ
ಅದು ನಾನಲ್ಲ. ನಾನು ಮೇ ಕೊನೆಗೇ ಹೊಡೆಸಿದ್ದೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ.

ಸೋಂದೆ ತೋಟ
ಯಾವ ಸುಣ್ಣ? ಪುಡಿ ಸುಣ್ಣವಾ, ಸುಟ್ಟ ಸುಣ್ಣವಾ? ಅಲ್ಲೇ ಇರುವುದು ಎಲ್ಲ. ಮದ್ದು ಹೊಡೆಯದೆ ಕೊಟ್ಟೆ (ಗೊನೆಗೆ ಮಳೆ ತಾಗದ ಹೊದಿಕೆ) ಕಟ್ಟಿದ ಮರಗಳನ್ನು ನಿಮ್ಮ ಐದರಲ್ಲಿ ಯಾಕೆ ಸೇರಿಸಲಿಲ್ಲ?

ಅಳಿವೆ ಅಜ್ಜ
ಸುಣ್ಣ ಸಾಕು. ಪ್ರಶ್ನೆ ಕೇಳಿದ ಹುಡುಗ ಕಾದಿದ್ದಾನೆ. ನಾನು ಕಡಲು ಕಲಿಸಿ ನಿವೃತ್ತನಾದವ. ಒಂದು ಲೆಕ್ಕ ಹೇಳುತ್ತೇನೆ. ಎಸ್‌ಡಿ 6 ಮಿಲಿಮೀಟರ್ ಅಂತಿಟ್ಟುಕೋ. n 4 ಆದರೆ ಎಸ್‌ಇ 3, 95% ಸಿಐ ಆಚೀಚೆ 9.5. ಅದೇ ಎಸ್‌ಡಿಗೆ n 30 ಆದರೆ ಎಸ್‌ಇ 1.1, ಸಿಐ 2.2. ಕಡ್ಡಿಯ ಆಕಾರ ಎಲ್ಲದಕ್ಕೂ ಒಂದೇ. ಕೆಳಗೆ ಬರೆಯದಿದ್ದರೆ ಯಾವುದು ಯಾವುದು ಅಂತ ದೇವರಿಗೂ ತಿಳಿಯದು. ಚಿಪ್ಪಿ ಎಷ್ಟು ಚಿಕ್ಕದು ದೊಡ್ಡದು ಇದೆ ಅಂತ ತೋರಿಸಬೇಕಾದರೆ ಎಸ್‌ಡಿ. ಮೂರು ಜಾಗದ ಸರಾಸರಿ ಹೋಲಿಸಬೇಕಾದರೆ ಸಿಐ.

ನನ್ನ ಗಾಯ ಬೇರೆ. 1990ರ ದಶಕದಲ್ಲಿ ಕಲ್ವ (ಬಂಡೆಗೆ ಅಂಟುವ ಚಿಪ್ಪುಜೀವಿ) ಅಳೆಯುತ್ತಿದ್ದೆ. ಒಂದೇ ಬಂಡೆಯಿಂದ 60 ಕಿತ್ತು n 60 ಅಂತ ಬರೆದೆ. ಕಡ್ಡಿ ಕಾಣದಷ್ಟು ಸಣ್ಣ, ನನಗೋ ಹೆಮ್ಮೆ. "ಇದು 60 ಅಲ್ಲ, 1" ಅಂದರು ಒಬ್ಬರು. ಒಂದು ಬಂಡೆಯ ಕಲ್ವಗಳು ಒಂದೇ ನೀರು ಕುಡಿದು ಒಟ್ಟಿಗೆ ಬೆಳೆದವು. ಹಾಗಾಗಿ ಕೇಳುತ್ತೇನೆ ತಮ್ಮಾ, ನಿನ್ನ 30 ಎಲ್ಲಿಂದ ಬಂತು? ಒಂದೇ ಗುಂಡಿಯಿಂದಲಾ, ಬೇರೆ ಬೇರೆ ಕಡೆ ಬಗೆದದ್ದಾ?

ಅಂಕೋಲೆಯವ
ಅಜ್ಜ ಹೇಳಿದ್ದು ಸರಿ, ಆದರೆ ಎಸ್‌ಡಿಯನ್ನೂ ಕಡ್ಡಿಯಲ್ಲಿ ಯಾಕೆ ತೋರಿಸಬೇಕು? 30 ಚುಕ್ಕಿ ಅಲ್ಲವಾ, ಎಲ್ಲವನ್ನೂ ಹಾಕಿಬಿಡಿ. ಚುಕ್ಕಿಗಳನ್ನು ಸ್ವಲ್ಪ ಅಕ್ಕಪಕ್ಕ ಚದುರಿಸುವ ಜಿಟರ್ ಅಂತ ಒಂದು ಸಾಲು. ಆರ್‌ನಲ್ಲಿ.

ಕುಮಟೆ ಅಕ್ಕೋರು
ಮತ್ತೆ ಆರ್ ಪುರಾಣ ಶುರು.

ಕಾಳಿ ದಂಡೆ
ಅಜ್ಜನಿಗೆ ನಮಸ್ಕಾರ. ಸದಾಶಿವಗಡದ್ದೂ ಮೇಲಿನದ್ದೂ ನಾನೇ ಇಳಿತದ ಹೊತ್ತಿಗೆ ಇಳಿದು, ಐದೈದು ಕಡೆ ಬಗೆದು ತೆಗೆದದ್ದು. ಕೋಡಿಬಾಗದ್ದು ಮಳೆಗಾಲಕ್ಕೆ ಮೊದಲಿನದು ಹಾಗೇ. ಮಳೆ ಕಳೆದ ಮೇಲಿನ 30 ಮಾತ್ರ... ಅವತ್ತು ಜ್ವರ ಇತ್ತು. ಮೀನು ಪೇಟೆಯಲ್ಲಿ ಒಬ್ಬ ಅಕ್ಕನ ಬುಟ್ಟಿಯಿಂದ ಕೊಂಡೆ. ಕೋಡಿಬಾಗದ್ದೇ ಅಂತ ಅವರು ಹೇಳಿದರು. ಆ ಬಾರ್‌ನ ಕಡ್ಡಿಯೇ ಎಲ್ಲಕ್ಕಿಂತ ಚಿಕ್ಕದು ಬಂದಿದೆ.

ಅಳಿವೆ ಅಜ್ಜ
ಬರದೇ ಏನು. ಆ ಅಕ್ಕ ದೊಡ್ಡದು ಆರಿಸಿ ಬುಟ್ಟಿಗೆ ಹಾಕಿರುತ್ತಾಳೆ. 9 ದಿನದಲ್ಲಿ ಒಳ್ಳೇ ಇಳಿತ ಯಾವಾಗ ನೋಡು, ಕೋಡಿಬಾಗಕ್ಕೆ ಹೋಗು. ತಿಂಗಳು ಬೇರೆ ಅಂತ ಕೆಳಗೆ ಬರೆ.

ಅಂಕೋಲೆಯವ
ಅದಿರಲಿ, ಚಿಪ್ಪಿಯ ಒಂದು ಪಾಲಿಗೆ (ರಾಶಿಗೆ) ಎಷ್ಟು ಕೊಟ್ಟೆ? ಇಲ್ಲಿ ಕೈ ಹಾಕುವ ಹಾಗಿಲ್ಲ ಮಾರಾಯ.