ತಬೇಲೆಯಲ್ಲಿ ಎಮ್ಮೆಗೆ ಚುಚ್ಚುವ ಸೂಜಿ: ಕಾನೂನು ಒಪ್ಪುತ್ತದೆಯೇ?

ಜೋಗೇಶ್ವರಿವಾಸಿ:
ಮುಂಬೈಯ ನಮ್ಮ ಮನೆಗೆ ಹತ್ತು ವರ್ಷಗಳಿಂದ ಸಮೀಪದ ತಬೇಲೆಯ, ಅಂದರೆ ಹಾಲು ಮಾರಲು ಎಮ್ಮೆ ಸಾಕುವ ಕೊಟ್ಟಿಗೆಯ, ಹಾಲು ಬರುತ್ತಿದೆ. ಹಾಲು ತರುವ ಭಯ್ಯಾ ಊರಿಗೆ ಹೋಗಿದ್ದುದರಿಂದ ಕಳೆದ ವಾರ ನಾನೇ ಕ್ಯಾನು ಹಿಡಿದು ಹೋದೆ. ಕರೆಯುವ ಮುನ್ನ ಒಂದೇ ಸಿರಿಂಜಿನಿಂದ ಒಂದೊಂದು ಎಮ್ಮೆಗೂ ಚುಚ್ಚುತ್ತಾ ಹೋಗುತ್ತಿದ್ದರು. ಸುಮಾರು ನಲವತ್ತು ಎಮ್ಮೆಗಳ ನಡುವೆ ಒಂದೇ ಒಂದು ಕರುವೂ ಕಾಣಲಿಲ್ಲ. ಕುಂದಾಪುರದ ನಮ್ಮ ಹಟ್ಟಿಯಲ್ಲಿ ಅಮ್ಮ ಕರು ಬಿಡದೆ ಹಾಲು ಕರೆದದ್ದನ್ನು ನಾನು ಕಂಡಿಲ್ಲ. ಇದು ಯಾವ ಸೂಜಿ? ಆ ಹಾಲನ್ನು ಮಕ್ಕಳಿಗೆ ಕೊಡಬಹುದೇ?

ಠಾಣೆಯ ನಿವೃತ್ತ ಪಶುವೈದ್ಯ:
ನೀವು ಕಂಡದ್ದು ಬಹುಮಟ್ಟಿಗೆ ಆಕ್ಸಿಟೋಸಿನ್ ಇರಬೇಕು. ಕರು ಮೊಲೆಗೆ ಬಾಯಿಟ್ಟಾಗ ತಾಯಿಯ ಮೆದುಳಿನಿಂದ ತಾನಾಗಿಯೇ ಸ್ರವಿಸಿ ಹಾಲಿಳಿಸುವ ಹಾರ್ಮೋನು ಇದು; ಕರುವಿಲ್ಲದ ಕಡೆ ಸೂಜಿ ಅದರ ಕೆಲಸ ಮಾಡುತ್ತದೆ. ಇದು ಪ್ರೋಟೀನಿನಂಥ ವಸ್ತುವಾದ್ದರಿಂದ ನಮ್ಮ ಜಠರದಲ್ಲಿ ಒಡೆದುಹೋಗುತ್ತದೆ, ಆದುದರಿಂದ ಮಕ್ಕಳ ಬಗ್ಗೆ ಅಷ್ಟು ಗಾಬರಿ ಬೇಡ. ಸಂಕಟ ಇರುವುದು ಎಮ್ಮೆಗೆ. ಅದೇ ಹಾರ್ಮೋನು ಗರ್ಭಕೋಶವನ್ನೂ ಹಿಂಡುತ್ತದೆ, ದಿನಕ್ಕೆ ಎರಡು ಸಲ. ಸೂಜಿ ಬದಲಿಸದಿದ್ದರೆ ಸೋಂಕು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ.

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 12ನೆಯ ಕಲಮು, ಹಾಲು ಹೆಚ್ಚಿಸಲೆಂದು ಪ್ರಾಣಿಯ ಆರೋಗ್ಯಕ್ಕೆ ಹಾನಿಯಾಗುವಂತೆ ಸೂಜಿ ಚುಚ್ಚುವುದನ್ನು ಅಪರಾಧವೆನ್ನುತ್ತದೆ. ದಂಡ ಸಾವಿರ ರೂಪಾಯಿವರೆಗೆ, ಸೆರೆ ಎರಡು ವರ್ಷದವರೆಗೆ. ಆ ಸಾವಿರ ಇಂದು ಎಷ್ಟು ಲೀಟರ್ ಹಾಲಿನ ಬೆಲೆಯೆಂದು ನೀವೇ ಲೆಕ್ಕ ಹಾಕಿ. 2018ರಲ್ಲಿ ಕೇಂದ್ರ ಸರಕಾರ ಖಾಸಗಿ ಕಂಪನಿಗಳು ದೇಶದೊಳಗಿನ ಮಾರಾಟಕ್ಕೆ ಇದನ್ನು ತಯಾರಿಸುವುದನ್ನೇ ನಿಲ್ಲಿಸಹೊರಟಿತ್ತು. ಹೆರಿಗೆಯ ರಕ್ತಸ್ರಾವ ತಡೆಯಲು ಇದೇ ಔಷಧ ಬೇಕಾದುದರಿಂದ ವಿಷಯ ದಿಲ್ಲಿ ಹೈಕೋರ್ಟಿಗೆ ಹೋಗಿ, ಆ ಆದೇಶ ರದ್ದಾಯಿತು.

ಕರು ಎಲ್ಲಿ ಎಂದು ನೀವು ನೇರವಾಗಿ ಕೇಳಲಿಲ್ಲ. ನಗರದಲ್ಲಿ ಜಾಗಕ್ಕೂ ಹಿಂಡಿಗೂ ಬೆಲೆ ಇದೆ. ಕರು ಕುಡಿಯುವ ಹಾಲು ಮಾರಿದರೆ ಹಣ. ಕೋಣಗರುವನ್ನು ಹಾಲಿಲ್ಲದೆ ಬಿಟ್ಟರೆ ಅದು ಕೆಲವೇ ದಿನ ಬದುಕುತ್ತದೆ. ಹರಿಯಾಣದ ಕಡೆಯಿಂದ ಬಂದ ಮುರ್ರಾ ತಳಿಯ ಎಮ್ಮೆಯೂ ಬತ್ತಿದ ಮೇಲೆ, ಮತ್ತೆ ಗಬ್ಬವಾಗಿ ಈಯುವ ತನಕ ಹೆಚ್ಚುಕಡಿಮೆ ಒಂದು ವರ್ಷ ಸಾಕುವವರಿಲ್ಲದೆ, ಕಸಾಯಿಯ ಲಾರಿ ಹತ್ತುತ್ತದೆ. 1949ರಲ್ಲಿ ಗೋರೆಗಾಂವದ ಆರೇ ಕಾಲೊನಿ ಕಟ್ಟಿ ತಬೇಲೆಗಳನ್ನು ಊರ ಹೊರಗೆ ಸಾಗಿಸಿದರು. ಊರೇ ಬೆಳೆದು ಆರೇಯನ್ನು ಸುತ್ತುವರಿಯಿತು, ಬತ್ತಿದ ಎಮ್ಮೆಯ ಲೆಕ್ಕ ಮಾತ್ರ ಬದಲಾಗಲಿಲ್ಲ.

ಮಾಟುಂಗದ ಹೋಟೆಲಿನವ:
ನಮ್ಮಲ್ಲಿ ಪ್ಯಾಕೆಟ್ ಹಾಲೇ. ಆದರೂ ತಬೇಲೆಯವರನ್ನಷ್ಟೇ ದೂರಬೇಡಿ. ಚಹಾ ಗಟ್ಟಿಯಾಗಿರಲಿ, ಕೆನೆ ಮೇಲೆ ತೇಲಲಿ, ದರ ಮಾತ್ರ ಏರದಿರಲಿ ಎನ್ನುವವರು ಗಿರಾಕಿಗಳೇ.

ಪುಣೆಯಿಂದ:
ಪ್ಯಾಕೆಟ್ಟಿಗೆ ಹೋದರೆ ಪಾಪ ಕಳೆಯಿತೆಂದು ತಿಳಿಯಬೇಡಿ, ಹೋಟೆಲಿನವರೇ. ಸಂಘಕ್ಕೆ ಹಾಲು ಹಾಕುವ ಇಲ್ಲಿನ ಹಳ್ಳಿಗರ ಬಳಿ ಹೆಚ್ಚಾಗಿ ಇರುವುದು ಮಿಶ್ರತಳಿ ಹಸು. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಅವುಗಳ ಹೋರಿಗರು ಯಾರಿಗೂ ಬೇಡ. 2015ರಿಂದ ಮಹಾರಾಷ್ಟ್ರದಲ್ಲಿ ಎತ್ತು ಹೋರಿಗಳ ವಧೆಯೂ ನಿಷಿದ್ಧ. ಹೆಣ್ಣುಗರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ಬಳಕೆ ಹೆಚ್ಚಿದರೆ ಸ್ವಲ್ಪ ಪರಿಹಾರ ಸಿಕ್ಕೀತು.

ಜೋಗೇಶ್ವರಿವಾಸಿ:
ಡಾಕ್ಟರೇ, ನಾನು ಕೇಳಿದ್ದು ಮಕ್ಕಳ ಲೋಟದ ಬಗ್ಗೆ ಮಾತ್ರ, ನಾಚಿಕೆಯಾಗುತ್ತದೆ. ನಾಳೆ ಮುಂಜಾನೆ ತಬೇಲೆಗೆ ಹೋಗಿ, ಸೂಜಿ ಬಿಟ್ಟು ಕರುವಿಟ್ಟು ಕರೆದರೆ ಲೀಟರಿಗೆ ಎಷ್ಟು ಹೆಚ್ಚು ಕೊಡಬೇಕಾಗುತ್ತದೆಂದು ಮಾಲೀಕರನ್ನೇ ಕೇಳುತ್ತೇನೆ. ಕಟ್ಟಡದ ಇನ್ನೂ ನಾಲ್ಕು ಮನೆಯವರು ಜೊತೆಗೆ ಬರಲು ಒಪ್ಪಿದ್ದಾರೆ.