ದೊರೆಗೆ ಅರ್ಧ ಕ್ಷೌರ

ಕೊಡಗಿನ ಕಕ್ಕಡ ತಿಂಗಳ ಮಳೆ. ಕರೆಂಟ್ ಹೋಗಿ ಎರಡು ದಿನ. ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ ನನ್ನ ಅಂಗಿಗೆ ಒಣಮೀನಿನ ವಾಸನೆ ಹಿಡಿದು, ಬೆಕ್ಕು ನನ್ನ ಹಿಂದೆ ಹಿಂದೆಯೇ ತಿರುಗುತ್ತಿತ್ತು. ಜಗಲಿಯಲ್ಲಿ ಬೆಲ್ಲದ ಕಾಫಿ, ಸುಟ್ಟ ಹಲಸಿನ ಬೀಜ. ನಡುವೆ ಗೋಣಿಚೀಲದ ಮೇಲೆ ದೊರೆ.

ದೊರೆ ಅಂದರೆ ಮೊಲ. ಅಂಗೋರಾ ಮೊಲ, ಉಣ್ಣೆಯಂಥ ಉದ್ದ ಕೂದಲಿನ ಜಾತಿ. ಬೆಂಗಳೂರಿನ ಅಕ್ಕನ ಮಗಳು "ಎರಡೇ ವಾರ ನೋಡ್ಕೊಳ್ಳಿ ಮಾವ" ಅಂತ ಬಿಟ್ಟುಹೋಗಿ ವರ್ಷ ದಾಟಿತು. ಕಿವಿಯ ತುದಿಗೆ ಕುಚ್ಚು, ಕೆನ್ನೆ ತುಂಬ ಗುಂಗುರು. ಹಳೇ ತೋಟದ ಬಂಗಲೆಗಳ ಗೋಡೆಯಲ್ಲಿ ಬಿಳಿ ದೊರೆಗಳ ಫೋಟೋ ನೇತಾಡ್ತದಲ್ಲ, ಥೇಟ್ ಅದೇ ಗತ್ತು. ಹೆಸರಿಡೋಕೆ ನಾವು ಕಷ್ಟಪಡಲಿಲ್ಲ.

"ಮೇಷ್ಟ್ರೇ, ಇದು ನಾರ್ತದೆ," ಅಂದರು ಪೂಣಚ್ಚಣ್ಣ. ನಿವೃತ್ತ ಹವಾಲ್ದಾರರು. "ಬಿಸಿನೀರಲ್ಲಿ ಒಂದು ಸಲ ಮುಳುಗಿಸಿ ತೆಗೀರಿ. ಮುಗೀತು."

ಒಳಗಿಂದ ಸರಸ ಕೂಗಿದಳು: "ಮುಗೀತು ಅಂತಲೇ ಆಗ್ತಿತ್ತು ಹೋದ ಸಲ! ಕೇಳಿ ಇವರನ್ನೇ."

ಹೇಳಲೇಬೇಕಾಯ್ತು. ದೊರೆ ಬಂದ ಹೊಸದರಲ್ಲಿ ನಾನೇ ಮಕ್ಕಳ ಶಾಂಪೂ ಹಾಕಿ ಸ್ನಾನ ಮಾಡಿಸಿದ್ದೆ. ನೀರಿಗಿಳಿದ ಕೂಡಲೇ ಒಂದು ಸಲ ಒದ್ದ, ಆಮೇಲೆ ಕಣ್ಣು ಬಿಟ್ಟುಕೊಂಡು ಮರಗಟ್ಟಿಬಿಟ್ಟ. ನೆನೆದ ಮೇಲೆ ನೋಡಿದರೆ ದೊರೆಯೇ ಇಲ್ಲ, ಇಲಿಯಷ್ಟು ಒಂದು ಜೀವ ನಡುಗ್ತಾ ಉಂಟು. ಟವೆಲ್ ಸುತ್ತಿ ಒಲೆ ಮುಂದೆ ಕೂತೆವು. ಮೇಲಿನ ಕೂದಲು ಒಣಗಿದರೂ ಬುಡದಲ್ಲಿ ಮಾರನೇ ದಿನ ಸಂಜೆವರೆಗೆ ತೇವ. ಆ ತೇವದಲ್ಲೇ ಇಡೀ ಹೊಟ್ಟೆ ಜಡೆಗಟ್ಟಿ ಕಂಬಳಿ ತುಂಡಿನಂತಾಯ್ತು. ದನದ ಡಾಕ್ಟರು ನೋಡಿ ನನಗೇ ಬೈದರು: "ಮೊಲಕ್ಕೆ ಸ್ನಾನ ಮಾಡಿಸ್ತಾರೇನ್ರೀ? ಹೆದರಿಕೆಗೇ ಸಾಯ್ತದೆ, ಉಳಿದರೆ ಚಳಿಗೆ ಸಾಯ್ತದೆ."

"ಹಾಗಾದರೆ ಚೊಕ್ಕ ಹೇಗೆ?" ಅಂದರು ಪೂಣಚ್ಚಣ್ಣ.

"ಹಿಂಭಾಗ ಹೇಸಿಗೆಯಾದರೆ ಅಷ್ಟಕ್ಕೆ ಮಾತ್ರ ಕಾರ್ನ್‌ಫ್ಲೋರ್ ಉದುರಿಸಿ, ಬಾಚಣಿಗೆಯಲ್ಲಿ ಬಿಡಿಸೋದು. ಮೂಗಿಗೆ ಹೋಗದ ಹಾಗೆ. ಉಳಿದದ್ದು ಅದೇ ನೆಕ್ಕಿಕೊಳ್ತದೆ," ಅಂದೆ ನಾನು.

"ನೆಕ್ಕಿದರೆ ಕೂದಲು ಹೊಟ್ಟೆಗೆ ಹೋಗುದಿಲ್ವ?" ಇದು ಗಣಪಣ್ಣ. ಪೇಟೆಯಲ್ಲಿ ಸಲೂನು. ಆ ದಿನದ ಮುಖ್ಯ ಅತಿಥಿ ಅವರೇ, ಕತ್ತರಿ ಚೀಲದ ಸಮೇತ ಕರೆಸಿದ್ದೆ.

ಅದೇ ನೋಡಿ ದೊಡ್ಡ ತಾಪತ್ರಯ. ಬೆಕ್ಕಾದರೆ ಕೂದಲುಂಡೆಯನ್ನು ಕಾರಿ ನಮ್ಮ ಚಾಪೆ ಮೇಲೆ ಇಟ್ಟು ಹೋಗ್ತದೆ. ಮೊಲಕ್ಕೆ ವಾಂತಿಯೇ ಬರುದಿಲ್ಲ, ಆ ಬಾಗಿಲೇ ದೇವರು ಇಟ್ಟಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೊರಡಬೇಕು. ಹೊರಡಿಸೋದು ಹುಲ್ಲು. ದಿನಕ್ಕೆ ಅದರ ಮೈಗಾತ್ರದಷ್ಟು ಒಣಹುಲ್ಲು ಎದುರಿಗಿರಬೇಕು. ಬೆಳಿಗ್ಗೆ ಗೂಡು ಗುಡಿಸುವಾಗ ನಾನು ಹಿಕ್ಕೆ ಎಣಿಸದಿದ್ದರೂ ಆಕಾರ ನೋಡ್ತೇನೆ. ದುಂಡಗೆ ಬಿಡಿಬಿಡಿ ಇದ್ದರೆ ಕ್ಷೇಮ. ಕೂದಲಲ್ಲಿ ಪೋಣಿಸಿ ರುದ್ರಾಕ್ಷಿ ಸರದ ಹಾಗೆ ಬಂದರೆ ಬಾಚೋದು ಕಡಿಮೆಯಾಗಿದೆ ಅಂತ. ಏನೂ ಬಾರದೆ, ಅರ್ಧ ದಿನ ಏನೂ ತಿನ್ನದೆ ಮುದುಡಿ ಕೂತರೆ, ಮಳೆ ಇರಲಿ ಗುಡ್ಡ ಜರಿಯಲಿ, ಡಾಕ್ಟರ ಹತ್ತಿರ ಓಡಬೇಕು.

"ನಿಮ್ಮ ಮಕ್ಕಳದ್ದೂ ಇಷ್ಟು ನೋಡಿರಲಿಕ್ಕಿಲ್ಲ ನೀವು," ಅಂದರು ಪೂಣಚ್ಚಣ್ಣ.

"ನೋಡಿಲ್ಲ," ಅಂತ ಒಳಗಿಂದ ಉತ್ತರ ಬಂತು.

ಒಣಹುಲ್ಲು ಅಂದೆನಲ್ಲ. ಕೊಡಗಿನಲ್ಲಿ, ಜುಲೈಯಲ್ಲಿ, ಒಣಹುಲ್ಲು! ಗೋಡೆಯೇ ಬೆವರುವ ಕಾಲ. ಬೂಸ್ಟು ಹಿಡಿದದ್ದು ಕೊಟ್ಟರೆ ಅದೇ ರೋಗ. ಕಡೆಗೆ ಅಡುಗೆಮನೆಯ ಅಟ್ಟವೇ ಗತಿಯಾಯ್ತು. ಮೊದಲ ವಾರ ದೊರೆ ಮೂಸಿ ಮುಖ ತಿರುಗಿಸಿದ. ನಾನೂ ಮೂಸಿದೆ. ಹೊಗೆ, ಅದರೊಳಗೆ ಒಣಮೀನು. ಮೀನನ್ನು ಬೇರೆ ಕಡೆ ಕಟ್ಟಿದ ಮೇಲೆ ಊಟ ಶುರುವಾಯ್ತು. ಮೀನಿಗೆ ಜಾಗ ಹೋದ ಸಿಟ್ಟು ಸರಸಳಿಗೆ ಇನ್ನೂ ಉಂಟು.

"ನಾನು ಹಿಮಾಚಲದಲ್ಲಿ ಇದ್ದಾಗ," ಪೂಣಚ್ಚಣ್ಣ ಕಾಲು ಮೇಲೆ ಕಾಲು ಹಾಕಿದರು. ಈ ವಾಕ್ಯ ಶುರುವಾದರೆ ಎರಡನೇ ಕಾಫಿ ಅಂತ ಲೆಕ್ಕ. "ಕುಲ್ಲು ಹತ್ತಿರ ಗರ್ಸಾ ಅಂತ. ಅಲ್ಲಿ ಸರ್ಕಾರದ್ದೇ ಅಂಗೋರಾ ಮೊಲದ ಕೇಂದ್ರ ಉಂಟು. ಆ ಚಳಿಯಲ್ಲಿ ಹಾಯಾಗಿರ್ತವೆ."

ನಿಜ. ಚಳಿ ಇವಕ್ಕೆ ಹಬ್ಬ, ಸೆಕೆಯೇ ಶತ್ರು. ಮಡಿಕೇರಿಯ ತಂಪು ಒಗ್ಗಿದೆ, ಕೆಟ್ಟದ್ದು ತೇವ. ಒದ್ದೆ ಹಾಸಿನ ಮೇಲೆ ಕೂತರೆ ಹಿಂಗಾಲಿನ ಅಡಿ ಹುಣ್ಣಾಗ್ತದೆ. ಬಾಲದ ಬುಡದಲ್ಲಿ ಹೇಸಿಗೆ ಮೆತ್ತಿಕೊಂಡಿದ್ದರೆ ನೊಣ ಮೊಟ್ಟೆ ಇಟ್ಟು ಒಂದೇ ದಿನದಲ್ಲಿ ಹುಳ. ಮೊಲ ತನ್ನದೇ ಒಂದು ಬಗೆಯ ಮೆತ್ತನೆ ಹಿಕ್ಕೆಯನ್ನು ನೇರ ಬಾಯಿ ಹಾಕಿ ತಿನ್ನಬೇಕು, ಅದರಲ್ಲೇ ಜೀವಸತ್ವ ಇರೋದು. ಸರಸ ದಿನಾ ಬಾಳೆಹಣ್ಣು ಕೊಟ್ಟು ಮುದ್ದು ಮಾಡಿದ ತಿಂಗಳು ಆ ಹಿಕ್ಕೆ ತಿನ್ನದೆ ಉಳಿದು ಕೂದಲಿಗೆ ಅಂಟಿಕೊಳ್ತಿತ್ತು.

"ಥೂ, ಬೀಜ ತಿನ್ತಾ ಇದ್ದೇವೆ ಮಾರಾಯ್ರೇ," ಅಂದರು ಗಣಪಣ್ಣ. ತಿನ್ನೋದೇನೂ ನಿಲ್ಲಿಸಲಿಲ್ಲ.

ಪೂಣಚ್ಚಣ್ಣ ಮೊಲದ ಕತ್ತಿನ ಕೂದಲು ಬಿಡಿಸಿ ನೋಡಿ, "ಹೊಟ್ಟು ಉಂಟು. ನಮ್ಮ ನಾಯಿಯ ಉಣ್ಣಿ ಔಷಧ ಎರಡು ತೊಟ್ಟು ಬಿಡುವ" ಅಂತ ಎದ್ದೇಬಿಟ್ಟರು. ಕೈ ಹಿಡಿದು ಕೂರಿಸಿದೆ. ಅದರಲ್ಲಿ ಫಿಪ್ರೊನಿಲ್ ಅನ್ನೋ ಕೀಟನಾಶಕ ಇದ್ದರೆ ನಾಯಿಗೆ ಔಷಧ, ಮೊಲಕ್ಕೆ ವಿಷ. ಹೊಟ್ಟು ಅಲ್ಲಾಡಿದರೆ ಅದು ಹೊಟ್ಟಲ್ಲ, ಹೇನಿನಂಥ ಹುಳು. ಅದಕ್ಕೆ ಡಾಕ್ಟರು ಬೇರೆ ಮದ್ದು ಕೊಡ್ತಾರೆ. ಬತ್ತಿ ಬೆಳಕಲ್ಲಿ ನಾವು ಮೂರೂ ಜನ ಬಗ್ಗಿ ನೋಡಿದೆವು. ಅಲ್ಲಾಡಲಿಲ್ಲ. ಪೂಣಚ್ಚಣ್ಣನಿಗೆ ಸ್ವಲ್ಪ ಬೇಜಾರಾಯ್ತು.

ಕಡೆಗೆ ಕ್ಷೌರ. ಮೂರು ತಿಂಗಳಿಗೊಮ್ಮೆ ಕತ್ತರಿಸದಿದ್ದರೆ ಈ ಕೂದಲು ಯಾರ ಕೈಗೂ ಸಿಗುದಿಲ್ಲ. ಗಣಪಣ್ಣ ಅಭ್ಯಾಸಬಲದಿಂದ ದೊರೆಯ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಲು ಹೋಗಿ, ತಾವೇ ನಕ್ಕು ಬಿಟ್ಟರು.

"ಅಂಗಾತ ಮಲಗಿಸಬೇಡಿ. ಹಿಂಗಾಲು ಗಟ್ಟಿ ಹಿಡೀರಿ, ಒದ್ದರೆ ಅದರ ಬೆನ್ನೇ ಮುರೀತದೆ," ಅಂದೆ.

ಕಿವಿಯ ಹಿಂದೆ, ಕಂಕುಳಲ್ಲಿ ಎರಡು ಗಂಟು. ನಾನಾದರೆ ಗಂಟು ಎತ್ತಿ ಹಿಡಿದು ಕತ್ತರಿಸಿಬಿಡ್ತಿದ್ದೆ. ಗಣಪಣ್ಣ ನನ್ನ ಕೈ ತಳ್ಳಿದರು. "ಎತ್ತಿದರೆ ಚರ್ಮವೂ ಎದ್ದು ಬರ್ತದೆ ಮೇಷ್ಟ್ರೇ. ಒದ್ದೆ ಕಾಗದದ ಹಾಗಿದೆ ಇದು." ಚರ್ಮಕ್ಕೂ ಗಂಟಿಗೂ ನಡುವೆ ಬಾಚಣಿಗೆ ತೂರಿಸಿ, ಬಾಚಣಿಗೆಯ ಮೇಲಿಂದ ಕತ್ತರಿ ಆಡಿಸಿದರು. ಗಂಟು ಹಲಸಿನ ಬೀಜದ ತಟ್ಟೆಗೆ ಬಿತ್ತು. ಮೈಮೇಲೆ ಒಂದು ಬೆರಳಗಲ ಕೂದಲು ಬಿಟ್ಟೇ ಕತ್ತರಿಸಿದ್ದು, ಈ ಚಳಿಗೆ ಬೋಳಿಸಬಾರದು. ಉಗುರಿಗೆ ನಾನು ಟಾರ್ಚ್ ಹಿಡಿದೆ. ಒಳಗಿನ ಕೆಂಪು ನರ ಕಾಣಿಸ್ತದೆ, ಅದರ ಈಚೆಗೆ ಕತ್ತರಿಸಬೇಕು. ಒಂದರಲ್ಲಿ ತಪ್ಪಿ ರಕ್ತ ಬಂತು. ಗಣಪಣ್ಣ ಪಟಿಕ ತೆಗೆದರು. "ಉರೀತದೆ, ಬೇಡ" ಅಂತ ಕಾರ್ನ್‌ಫ್ಲೋರ್ ಒತ್ತಿದೆ, ನಿಂತಿತು.

ಕಾಲು ಗಂಟೆ ಕಳೆಯಿತು. ದೊರೆ ಮೂಗಿನ ಹೊಳ್ಳೆ ಅಗಲಿಸಿ ಜೋರಾಗಿ ಉಸಿರಾಡತೊಡಗಿದ.

"ಸಾಕು, ಉಳಿದದ್ದು ನಾಳೆ. ಹೆಚ್ಚು ಹೆದರಿಸಬಾರದು."

"ಅರ್ಧ ಆಗಿದೆಯಷ್ಟೇ! ಅರ್ಧಕ್ಕೆ ಎದ್ದ ಗಿರಾಕಿ ನನ್ನ ಸಲೂನಲ್ಲಿ ಇಲ್ಲಿವರೆಗೆ ಒಬ್ಬನೇ. ಅವನಿಗೆ ಹೆರಿಗೆ ಸುದ್ದಿ ಬಂದಿತ್ತು."

ಆ ರಾತ್ರಿ ಹೊಳೆ ಉಕ್ಕಿ ಸೇತುವೆ ಮುಳುಗಿತು. ಗಣಪಣ್ಣ ನಾಲ್ಕು ದಿನ ಆಚೆ ದಡದಲ್ಲೇ. ದೊರೆ ಎಡದಿಂದ ದೊರೆ, ಬಲದಿಂದ ಇಲಿ. ಪೂಣಚ್ಚಣ್ಣ ದಿನಾ ಬೆಳಿಗ್ಗೆ ಕೊಡೆ ಮಡಚಿ ಜಗಲಿ ಹತ್ತಿದವರು, ಮೊದಲು ಸುತ್ತು ಬಳಸಿ ಎಡಗಡೆಗೆ ಬಂದು, ಆಮೇಲೇ ಸೆಲ್ಯೂಟ್ ಹೊಡೀತಿದ್ದರು.