ಮನೆಬೀಜದ ಮೆಕ್ಕೆಜೋಳ ಯಾಕೆ ಕೈಕೊಡುತ್ತದೆ, ಶೇಂಗಾ ಯಾಕೆ ಕೊಡುವುದಿಲ್ಲ?

ಜಗಳೂರು ಮಳೆಬೇಸಾಯ:
ಬೀಜದ ಪ್ಯಾಕೆಟ್ಟಿನ ರೇಟು ನೋಡಿ ನಮ್ಮ ಸೀಮೆಯಲ್ಲಿ ಕೆಲವರು ಹೋದ ವರ್ಷದ ಹೈಬ್ರಿಡ್ ಮೆಕ್ಕೆಜೋಳದಲ್ಲೇ ದಪ್ಪ ತೆನೆ ಆರಿಸಿ ಬಿತ್ತಿದ್ದಾರೆ. ಮೊಳಕೆಗೇನೂ ಕುಂದಿಲ್ಲ. ಆದರೆ ಸೂಲಂಗಿ ಬರುವ ಹೊತ್ತಿಗೆ ಹೊಲವೆಲ್ಲ ಏರುತಗ್ಗು: ಒಂದು ಗಿಡ ಎದೆಮಟ್ಟ, ಪಕ್ಕದ್ದು ತಲೆಮೇಲೆ, ತೆನೆಯೂ ಸಣ್ಣದು. ಅದೇ ಚಳ್ಳಕೆರೆ ಕಡೆ ಟಿಎಂವಿ-2 ಶೇಂಗಾ ವರ್ಷ ವರ್ಷ ಮನೆಬೀಜದಿಂದಲೇ ಬರುತ್ತದೆ, ತಳಿ ಕೆಡುವುದಿಲ್ಲ. ಎರಡೂ ಬೀಜವೇ ಅಲ್ಲವೇ? ವ್ಯತ್ಯಾಸ ಎಲ್ಲಿದೆ?

ಬೀಜ ಬೇರು:
ವ್ಯತ್ಯಾಸ ಇರುವುದು ಹೂವಿನಲ್ಲಿ. ಶೇಂಗಾ ಹೂವು ಅರಳುವ ಮೊದಲೇ ಒಳಗೊಳಗೇ ಪರಾಗಸ್ಪರ್ಶ ಮುಗಿಸಿಬಿಡುತ್ತದೆ, ತಂದೆಯೂ ತಾಯಿಯೂ ಅದೇ ಗಿಡ. ಹಾಗೆ ತಲೆಮಾರುಗಟ್ಟಲೆ ನಡೆದರೆ ಪ್ರತಿ ಜೀನಿನ (ಗುಣ ಹೊತ್ತು ತರುವ ಅಂಶದ) ಎರಡೂ ಪ್ರತಿಗಳು, ತಂದೆಯಿಂದ ಬಂದದ್ದೂ ತಾಯಿಯಿಂದ ಬಂದದ್ದೂ, ಒಂದೇ ಆಗುತ್ತವೆ. ಒಂದೇ ಇರುವುದನ್ನು ಬೇರ್ಪಡಿಸಿದರೂ ಒಂದೇ. ಟಿಎಂವಿ-2 ಬಿಡುಗಡೆಯಾಗಿದ್ದು 1940ರಲ್ಲಿ, ಇವತ್ತಿಗೂ ಅದು ಟಿಎಂವಿ-2 ಆಗಿಯೇ ಉಳಿದಿರುವುದಕ್ಕೆ ಇದೇ ಕಾರಣ.

ಮೆಕ್ಕೆಜೋಳದಲ್ಲಿ ಗಂಡು ಸೂಲಂಗಿ ತುದಿಯಲ್ಲಿ, ಹೆಣ್ಣು ತೆನೆ ನಡುಗಿಡದಲ್ಲಿ, ಪರಾಗ ಗಾಳಿಯಲ್ಲಿ. ತೆನೆಯ ಒಂದೊಂದು ಕಾಳಿನ ತಂದೆ ಬೇರೆ ಗಿಡ ಇರಬಹುದು. ಸಿಂಗಲ್ ಕ್ರಾಸ್ ಹೈಬ್ರಿಡ್ ಎಂದರೆ ಆರೇಳು ತಲೆಮಾರು ಸ್ವಂತ ಪರಾಗದಿಂದಲೇ ಬೆಳೆಸಿ ಶುದ್ಧ ಮಾಡಿದ ಎರಡು ತಳಿಗಳ ಜೋಡಿ. ಆ ಎರಡೂ ಸೊರಗಿದ ಗಿಡಗಳು, ಆದರೆ ಮಕ್ಕಳೆಲ್ಲ ಒಂದೇ ಎತ್ತರ, ಒಂದೇ ಕಸುವು, ಏಕೆಂದರೆ ಎಲ್ಲರಿಗೂ ತಂದೆಯಿಂದ ಒಂದು, ತಾಯಿಯಿಂದ ಇನ್ನೊಂದು ಬೇರೆ ಪ್ರತಿ. ಮುಂದಿನ ತಲೆಮಾರಲ್ಲಿ ಜೋಡಿ ಬೇರ್ಪಡುತ್ತದೆ. ಒಂದು ಜೀನಿಗೆ 1:2:1, ಒಂದು ಪಾಲಿಗೆ ಎರಡೂ ಪ್ರತಿ ಒಂದು ತಳಿಯದು, ಎರಡು ಪಾಲು ಬೆರಕೆ, ಒಂದು ಪಾಲಿಗೆ ಎರಡೂ ಇನ್ನೊಂದು ತಳಿಯದು, ಅಂದರೆ ಅರ್ಧ ಗಿಡಗಳಲ್ಲಿ ಮಾತ್ರ ಬೆರಕೆ ಜೋಡಿ ಉಳಿಯುತ್ತದೆ. ಹತ್ತು ಜೀನುಗಳಲ್ಲೂ ಬೆರಕೆಯಾಗಿಯೇ ಇರುವ ಗಿಡ 1024ಕ್ಕೆ ಒಂದು. ಕಸುವು ಇದ್ದದ್ದೇ ಆ ಬೆರಕೆಯಲ್ಲಿ.

ದಪ್ಪ ತೆನೆ ಆರಿಸಿದ್ದರಿಂದ ಲಾಭವಿಲ್ಲ. ಹೈಬ್ರಿಡ್ ಹೊಲದ ಗಿಡಗಳೆಲ್ಲ ಜೀನಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ. ತೆನೆ ದಪ್ಪವಾಗಿದ್ದು ಗೊಬ್ಬರದಿಂದ, ಇಲ್ಲವೇ ಪಕ್ಕದ ಗಿಡ ಸತ್ತು ಜಾಗ ಸಿಕ್ಕಿದ್ದರಿಂದ.

ಲೆಕ್ಕಪತ್ರ:
ಇಳುವರಿ ಎಷ್ಟು ಬೀಳುತ್ತದೆ ಎಂಬುದಕ್ಕೆ ಸೂತ್ರವಿದೆ. ಹೈಬ್ರಿಡ್ ಮತ್ತು ಅದರ ಶುದ್ಧ ತಳಿಗಳ ಸರಾಸರಿ, ಇವುಗಳ ಅಂತರವನ್ನು ತಳಿಗಳ ಸಂಖ್ಯೆಯಿಂದ ಭಾಗಿಸಿ ಹೈಬ್ರಿಡ್ಡಿನಿಂದ ಕಳೆಯಿರಿ. ಉದಾಹರಣೆಗೆ ಹೈಬ್ರಿಡ್ ಎಕರೆಗೆ 24 ಕ್ವಿಂಟಲ್, ತಳಿಗಳು 8 ಅಂದುಕೊಳ್ಳಿ. ಸಿಂಗಲ್ ಕ್ರಾಸ್‌ನಲ್ಲಿ ತಳಿ ಎರಡು, 16ಕ್ಕೆ ಇಳಿಯುತ್ತದೆ. ನಾಲ್ಕು ತಳಿಯ ಡಬಲ್ ಕ್ರಾಸ್ ಆಗಿದ್ದರೆ 20. ಮಾರುಕಟ್ಟೆಯಲ್ಲಿ ಈಗ ಸಿಂಗಲ್ ಕ್ರಾಸೇ ಹೆಚ್ಚು, ಹಾಗಾಗಿ ಪೆಟ್ಟೂ ಜೋರು.

"ವರ್ಷ ವರ್ಷ ಇನ್ನೂ ಇಳಿಯುತ್ತಲೇ ಹೋಗುತ್ತದೆ" ಎನ್ನುವ ಮಾತು ಮಾತ್ರ ಪೂರ್ತಿ ಸರಿಯಲ್ಲ. ಗಾಳಿಯಲ್ಲಿ ಬೇಕಾಬಿಟ್ಟಿ ಬೆರೆತರೆ ಬೆರಕೆಯ ಪ್ರಮಾಣ ಎರಡನೇ ತಲೆಮಾರಿನ ಮಟ್ಟದಲ್ಲೇ ನಿಲ್ಲುತ್ತದೆ. ಅಲ್ಲಿಂದಲೂ ಕೆಳಗಿಳಿಸುವುದು ನಾಲ್ಕೈದೇ ತೆನೆಯಿಂದ ಬೀಜ ಮಾಡುವ ಅಭ್ಯಾಸ.

ಮನೆಬೀಜವೇ ಬೇಕೆಂದಿದ್ದರೆ ಎನ್‌ಎಸಿ 6004 ಥರದ ಕಾಂಪೋಸಿಟ್ ತಳಿ (ಹಲವು ತಳಿ ಬೆರೆಸಿ ಮಾಡಿದ, ಹೈಬ್ರಿಡ್ ಅಲ್ಲದ್ದು) ಹಾಕಿ. ಬೇರೆ ಮೆಕ್ಕೆಜೋಳದಿಂದ 200 ಮೀಟರ್ ದೂರ ಇರಲಿ. ಆಗದಿದ್ದರೆ ಸೂಲಂಗಿ ಒಟ್ಟಿಗೆ ಬಾರದಂತೆ ಬಿತ್ತನೆಯಲ್ಲಿ ತಿಂಗಳ ಅಂತರ ಕೊಡಿ. ಬದುವಿನ ಸಾಲು ಬಿಟ್ಟು, ಸುತ್ತ ಗಿಡ ತುಂಬಿರುವ ಕಡೆ, ನಿಂತ ಬೆಳೆಯಲ್ಲೇ ಗುರುತು ಹಾಕಿ. ಒಂದು ಗಿಡಕ್ಕೆ ಒಂದೇ ತೆನೆಯಂತೆ ನೂರೈವತ್ತು ಇನ್ನೂರು ತೆನೆ ಬೇಕು, ಒಂದೊಂದರಿಂದಲೂ ಸಮನಾಗಿ ಕಾಳು. ತುದಿ, ಬುಡದ ಕಾಳು ಬಿಟ್ಟು 12% ತೇವಕ್ಕೆ ಒಣಗಿಸಿ.

ಹಿರಿಯೂರು ಉಳ್ಳಾಗಡ್ಡಿ:
ಈರುಳ್ಳಿಯವರಿಗೆ ಇನ್ನೊಂದು ತೊಡಕಿದೆ. ಅರ್ಕಾ ಕೀರ್ತಿಮಾನ್, ಅರ್ಕಾ ಲಾಲಿಮಾ ಥರದ ಹೈಬ್ರಿಡ್‌ಗಳನ್ನು ಪರಾಗವೇ ಕಟ್ಟದ ಹೆಣ್ಣು ತಳಿಯಿಂದ ಮಾಡುತ್ತಾರೆ. ಆ ಬಂಜೆತನ ಕೂರುವುದು ಕೋಶದ್ರವದ ಮೈಟೊಕಾಂಡ್ರಿಯದಲ್ಲಿ (ಕೋಶಕ್ಕೆ ಶಕ್ತಿ ಕೊಡುವ ಕಣದಲ್ಲಿ), ತಾಯಿಯಿಂದ ಮಾತ್ರ ಬರುತ್ತದೆ, ಮೇಲೆ ಹೇಳಿದ 1:2:1ರಂಥ ಮೆಂಡಲನ ಲೆಕ್ಕಕ್ಕೆ ಸಿಗದು. ಗಡ್ಡೆ ಮಾರುವ ಬೆಳೆಯಲ್ಲಿ ಪರಾಗ ಮರಳಿಸುವ ಜೀನ್ ಸೇರಿಸುವ ಅಗತ್ಯವೂ ಇಲ್ಲ. ಹಾಗಾಗಿ ಅಂಥ ಗಡ್ಡೆ ನೆಟ್ಟು ಬೀಜ ಮಾಡಲು ಹೋದರೆ ಹೂಗೊಂಚಲು ಬರುತ್ತದೆ, ಕಾಳು ಕಟ್ಟುವುದಿಲ್ಲ. ಜೇನು ತಂದರೆ ಪಕ್ಕದ ಹೊಲದ ಪರಾಗದ ಕಾಳು. ಬೀಜಕ್ಕೆ ಅರ್ಕಾ ಕಲ್ಯಾಣ್, ಬಳ್ಳಾರಿ ಕೆಂಪು ಸಾಕು.

ಜಗಳೂರು ಮಳೆಬೇಸಾಯ:
ಅರ್ಥವಾಯಿತು. ಹಾಗಾದರೆ ಕುರಿ? ಒಂದೇ ಟಗರನ್ನು ಹಟ್ಟಿಯಲ್ಲಿ ನಾಲ್ಕೈದು ವರ್ಷ ಇಟ್ಟುಕೊಳ್ಳುವವರಿದ್ದಾರೆ. ಅವಳಿ ಹಾಕಿಸುವ ಟಗರು ಅಂತ ಮಾರುವವರೂ ಇದ್ದಾರೆ.

ಕುರಿಹಟ್ಟಿ:
ಟಗರು ತನ್ನ ಮಗಳನ್ನೇ ಹಾಯ್ದರೆ, ಆ ಮರಿಯಲ್ಲಿ ಯಾವುದೇ ಜೀನಿನ ಎರಡೂ ಪ್ರತಿ ಒಂದೇ ಮೂಲದ್ದಾಗುವ ಸಂಭವ ನಾಲ್ಕರಲ್ಲಿ ಒಂದು. ತೂಕ ಕಡಿಮೆ, ಸಾವು ಹೆಚ್ಚು. ಹೆಣ್ಣುಮರಿ ಬೆದೆಗೆ ಬರುವ ಮೊದಲು, ಅಂದರೆ ಟಗರು ತಂದ ಎರಡು ವರ್ಷದೊಳಗೆ, ಅದು ಬದಲಾಗಬೇಕು. ಅಣ್ಣತಮ್ಮಂದಿರ ಹಟ್ಟಿಯಿಂದ ತಂದರೆ ಬದಲಾಯಿಸಿದಂತಲ್ಲ, ರಕ್ತ ಅದೇ ಇರುತ್ತದೆ.

ಅವಳಿಯ ವಿಷಯ: ಬಂಗಾಳದ ಗ್ಯಾರೋಲ್ ಕುರಿಯ ಫೆಕ್‌ಬಿ ಎಂಬ ಜೀನನ್ನು ಮಹಾರಾಷ್ಟ್ರದ ಫಲ್ಟಣದಲ್ಲಿ ಡೆಕ್ಕನಿ ಕುರಿಗೆ ಸೇರಿಸಿ ನಾರಿ ಸುವರ್ಣ ಎಂಬ ತಳಿ ಮಾಡಿದರು. ಒಂದು ಪ್ರತಿಯಿದ್ದರೂ ಕುರಿ ಹೆಚ್ಚಾಗಿ ಅವಳಿ ಹಾಕುತ್ತದೆ. ಟಗರು ಈಯುವುದಿಲ್ಲವಲ್ಲ, ಹಾಗಾಗಿ ಅದನ್ನು ನೋಡಿ ಏನೂ ಹೇಳಲಾಗದು. ಡಿಎನ್‌ಎ ಪರೀಕ್ಷೆಯ ಫಲಿತಾಂಶ ತೋರಿಸದೆ ಮಾರಿದರೆ ನಂಬಬೇಡಿ. ಎರಡು ಪ್ರತಿಯ ಟಗರು ಸಾದಾ ಕುರಿಗೆ ಹಾಯ್ದರೆ ಎಲ್ಲ ಮರಿಗೂ ಒಂದೊಂದು ಪ್ರತಿ, ಒಂದು ಪ್ರತಿಯದಾದರೆ ಅರ್ಧಕ್ಕೆ. ಆ ಹೆಣ್ಣುಮರಿಗಳಿಗೆ ಮತ್ತೆ ಸಾದಾ ಟಗರನ್ನೇ ಬಿಡಿ. ಎರಡು ಪ್ರತಿಯ ಕುರಿ ಮೂರು ಮರಿ ಹಾಕಬಹುದು. ಚಳ್ಳಕೆರೆಯ ಒಣ ಹುಲ್ಲಲ್ಲಿ ಮೂರಕ್ಕೆ ಹಾಲೆಲ್ಲಿಂದ?

ಬೀಜ ಬೇರು:
ಮನುಷ್ಯರಿಗೂ ಲೆಕ್ಕ ಇದೇ. ಸೋದರಮಾವನನ್ನು ಮದುವೆಯಾದರೆ ಮಗುವಿನಲ್ಲಿ ಆ ಸಂಭವ ಎಂಟರಲ್ಲಿ ಒಂದು, ಮಾವನ ಮಗ ಅಥವಾ ಅತ್ತೆಯ ಮಗನಾದರೆ ಹದಿನಾರರಲ್ಲಿ ಒಂದು. ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ, ಆದರೆ ಥಲಸೇಮಿಯಾದಂಥ (ರಕ್ತದ ಹುಟ್ಟುಕಾಯಿಲೆ) ಅಡಗಿದ ಕಾಯಿಲೆ ಹೊರಬರುವ ಸಾಧ್ಯತೆ ಹೆಚ್ಚು. ಇಬ್ಬರೂ ವಾಹಕರಾಗಿದ್ದರೆ, ಅಂದರೆ ಕಾಯಿಲೆಯ ಒಂದು ಪ್ರತಿ ಹೊತ್ತಿದ್ದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತು, ಇನ್ನು ಮೂವರು ಪಾರು ಎನ್ನುವುದು ತಪ್ಪು, ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರು. ಮದುವೆಗೆ ಮುಂಚೆ ಇಬ್ಬರಲ್ಲಿ ಒಬ್ಬರು ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ) ರಕ್ತಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಎ2 ಪ್ರಮಾಣ 3.5%ಗಿಂತ ಹೆಚ್ಚಿದ್ದರೆ ಇನ್ನೊಬ್ಬರಿಗೂ ಮಾಡಿಸಬೇಕು. ಕಬ್ಬಿಣದ ಕೊರತೆ ಇದ್ದರೆ ಎ2 ಕಡಿಮೆ ತೋರಿಸಿ ವಾಹಕರು ತಪ್ಪಿಹೋಗಬಹುದು, ಅಂಥವರು ಕೊರತೆ ಸರಿಪಡಿಸಿಕೊಂಡು ಮತ್ತೊಮ್ಮೆ ಮಾಡಿಸಲಿ.